ನಾಕಾಬಂದಿಯಲ್ಲಿ ಫೋನ್ ಲಾಕ್ ತೆಗೆಸಿ ನೋಡಬಹುದಾ?

ಗುಮ್ಮಟದೂರಿನವ:
ನಾವು ವಿಜಯಪುರದವರು. ಮೊನ್ನೆ ರಾತ್ರಿ ನನ್ನ ತಮ್ಮ ಅಂಗಡಿ ಬಾಗಿಲು ಹಾಕಿಕೊಂಡು ಬರುವಾಗ ನಾಕಾಬಂದಿಯಲ್ಲಿ ಗಾಡಿ ನಿಲ್ಲಿಸಿದರು. ಲೈಸೆನ್ಸ್, ಇನ್ಶೂರೆನ್ಸ್ ಕೇಳಿದರು, ಅದು ಸರಿ. ಆಮೇಲೆ ಫೋನ್ ಲಾಕ್ ತೆಗೆಸಿ ವಾಟ್ಸಾಪ್ ಗ್ರೂಪು, ಗ್ಯಾಲರಿ ಎಲ್ಲ ಸರಿಸುತ್ತಾ ನೋಡಿದ್ದಾರೆ. ಹೆಂಡತಿ ಮಕ್ಕಳ ಫೋಟೋನೂ ಬಿಟ್ಟಿಲ್ಲ. ಕೇಸಿಲ್ಲ, ಏನಿಲ್ಲ. ವಾರಂಟ್ ಇಲ್ಲದೆ ಹೀಗೆ ಮಾಡಬಹುದಾ?

ನವನಗರ ವಕೀಲ:
ಸುಮ್ನೆ ನೋಡುವ ಹಾಗಿಲ್ಲ ಸರ್. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಕೇಸು ಹಾಕಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಫೋನ್ ವಿಚಾರಕ್ಕೆ ವೀರೇಂದ್ರ ಖನ್ನಾ ಕೇಸು ಓದಿ. ಪಾಸ್‌ವರ್ಡ್ ಕೊಡಲ್ಲ ಅಂದರೆ ಪೊಲೀಸರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಕೇಳಬೇಕು, ತೀರಾ ತುರ್ತು ಇದ್ದರೆ ಮಾತ್ರ ವಾರಂಟ್ ಇಲ್ಲದೆ ನೋಡಬಹುದು, ಅದಕ್ಕೂ ಕಾರಣ ಬರೆದಿಡಬೇಕು ಅಂತ 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿತು. ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 185ನೇ ಕಲಂ ಕೂಡ ವಾರಂಟ್ ಇಲ್ಲದ ಶೋಧದ್ದೇ. ಕಾರಣ ಬರೆಯಬೇಕು, ವಿಡಿಯೋ ಮಾಡಬೇಕು, ಬರೆದದ್ದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಇದೆಲ್ಲ ಯಾವುದಾದರೂ ಅಪರಾಧದ ತನಿಖೆ ನಡೆಯುತ್ತಿದ್ದರೆ. ತನಿಖೆಯೇ ಇಲ್ಲ ಅಂದ ಮೇಲೆ ಈ ಕಲಂ ಹಿಡಿದು ನಿಮ್ಮ ತಮ್ಮನ ಗ್ಯಾಲರಿ ನೋಡೋಕೆ ಬರಲ್ಲ.

ಕುಂದಾನಗರಿ:
"ಅವನೇ ಕೊಟ್ಟ" ಅಂದುಬಿಡ್ತಾರೆ ವಕೀಲರೇ. ಕತ್ತಲಲ್ಲಿ ನಾಲ್ಕು ಜನ ಸುತ್ತ ನಿಂತು ಗಾಡಿ ಕೀ ಕಿತ್ತುಕೊಂಡಾಗ ಯಾರು ತಾನೇ ಇಲ್ಲ ಅಂತಾರೆ? ಅದು ಒಪ್ಪಿಗೆ ಹೇಗಾಗುತ್ತೆ? ಅಮೆರಿಕದಲ್ಲಿ ಬಂಧಿಸಿದವನ ಫೋನ್ ನೋಡೋಕೂ ವಾರಂಟ್ ಬೇಕು ಅಂತ 2014ರ ರೈಲಿ ಕೇಸಲ್ಲಿ ಹೇಳಿದ್ದಾರೆ. ಹಕ್ಕು ಮೀರಿ ಹುಡುಕಿ ತಂದ ಸಾಕ್ಷ್ಯವನ್ನು ಅಲ್ಲಿ ಸಾಮಾನ್ಯವಾಗಿ ಹೊರಗಿಡ್ತಾರೆ.

ನವನಗರ ವಕೀಲ:
ನಮಗೆ ಇಲ್ಲದ್ದು ಅದೇ. ಶೋಧ ತಪ್ಪಾಗಿ ನಡೆದಿದ್ದರೂ ಸಿಕ್ಕಿದ್ದು ಕೇಸಿಗೆ ಸಂಬಂಧಪಟ್ಟಿದ್ದರೆ ಕೋರ್ಟು ಅದನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟಿನ ಪೂರಣ್ ಮಲ್ ತೀರ್ಪು 1970ರ ದಶಕದಿಂದಲೂ ಇದೆ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ನಿಯಮ ಮುರಿದವರಿಗೆ ನಷ್ಟವೇ ಇಲ್ಲ ಅಂದರೆ ನಿಯಮ ಯಾರು ಪಾಲಿಸ್ತಾರೆ? ಅದಕ್ಕೇ ಸ್ಥಳದಲ್ಲೇ ಕೇಳಬೇಕು. ಜಗಳ ಬೇಡ. "ಸರ್, ಯಾವ ಕೇಸು, ಯಾವ ಕಲಂ, ಬರೆದು ಕೊಡಿ" ಅಷ್ಟೇ. ಫೋನ್ ಜಪ್ತಿ ಮಾಡಿದರೆ ಪಂಚರ (ಜಪ್ತಿಗೆ ಸಾಕ್ಷಿಯಾದವರ) ಸಹಿ ಇರುವ ಪಟ್ಟಿಯ ಪ್ರತಿ ಇಸಿದುಕೊಳ್ಳಿ.

ಗುಮ್ಮಟದೂರಿನವ:
ಈಗ ದೂರು ಕೊಡಬಹುದಾ? ತಮ್ಮ ಹೆದರ್ತಾನೆ, ದಿನಾ ಅದೇ ದಾರಿ.

ನವನಗರ ವಕೀಲ:
ಕೊಡಿ. ಎಸ್‌ಪಿಯವರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಜಾಗ, ಸಮಯ ಸರಿಯಾಗಿ ಬರೆಯಿರಿ. ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಇವತ್ತೇ ಹೋಗಿ ಕೇಳಿ, ಹಳೆಯ ರೆಕಾರ್ಡಿಂಗ್ ಬೇಗ ಅಳಿದುಹೋಗುತ್ತದೆ.