ಅಪ್‌ಡೇಟ್: ಅವ್ವನ ಕೋಣೆಗೆ ಸದ್ದಿಲ್ಲದ ಹೀಟರ್ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ: ಬೀದರಿನ ಚಳಿಗೆ ಅವ್ವನ ಕೋಣೆ ರಾತ್ರಿ ಕೊರೆಯುತ್ತದೆ, ಫ್ಯಾನಿರುವ ಬ್ಲೋವರ್ ಹೀಟರಿನ ಸದ್ದಿಗೆ ಅವಳಿಗೆ ನಿದ್ದೆ ಬರುವುದಿಲ್ಲ, ಏನು ಮಾಡಲಿ ಅಂತ. ಬಹಳ ಜನ ಆಯಿಲ್ ಹೀಟರ್ (ಒಳಗೆ ತುಂಬಿದ ಎಣ್ಣೆಯನ್ನು ಕರೆಂಟಿನಿಂದ ಕಾಯಿಸುವಂಥದ್ದು) ಅಂದಿರಿ. ತಂದೆವು.

ಸದ್ದು ನಿಜಕ್ಕೂ ಇಲ್ಲ, ಒಳಗೆ ಫ್ಯಾನೇ ಇಲ್ಲವಲ್ಲ. ಆದರೆ ಕೋಣೆ ಬೆಚ್ಚಗಾಗಲು ಅರ್ಧ ಗಂಟೆ ಬೇಕು, ಮಲಗುವ ಮುಂಚೆಯೇ ಹಚ್ಚಬೇಕು. ಮೊದಲ ವಾರ ಸುಮ್ನೆ ದುಡ್ಡು ಹಾಳಾಯ್ತು ಅನ್ನಿಸಿತ್ತು. ಬಿಸಿಯೆಲ್ಲ ಛತ್ತಿಗೆ ಹೋಗಿ ಕೂರುತ್ತಿತ್ತು, ಕಾಲು ಮಾತ್ರ ತಣ್ಣಗೆ! ನಿಮ್ಮಲ್ಲೊಬ್ಬರು ಹೇಳಿದಂತೆ ಸೀಲಿಂಗ್ ಫ್ಯಾನ್ ಉಲ್ಟಾ ತಿರುಗಿಸಿ ನೋಡಿದೆವು. ನಮ್ಮ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನಿನ ರಿಮೋಟಿನಲ್ಲಿ ರಿವರ್ಸ್ ಬಟನ್ ಇರುವುದು ಇಷ್ಟು ದಿನ ಗೊತ್ತೇ ಇರಲಿಲ್ಲ. ಒಂದನೇ ಸ್ಪೀಡಿನಲ್ಲಿಟ್ಟರೆ ಮೇಲಿನ ಬಿಸಿ ಗೋಡೆಗುಂಟ ಕೆಳಗಿಳಿಯುತ್ತದೆ, ಮೈಗೆ ಗಾಳಿ ಬಡಿಯುವುದಿಲ್ಲ.

ಆಯಿಲ್ ಹೀಟರಿಗೆ ಕರೆಂಟ್ ಕಡಿಮೆ ಅಂದಿದ್ದಿರಿ, ಅದನ್ನು ನಾನು ಒಪ್ಪುವುದಿಲ್ಲ. 1000 ವ್ಯಾಟ್ ಒಂದು ಗಂಟೆ ಉರಿದರೆ 1 ಯೂನಿಟ್, ಯಾವ ಹೀಟರ್ ಆದರೂ ಅಷ್ಟೇ ಅಲ್ವಾ? ನಮಗೆ ಕರೆಂಟ್ ಉಳಿದದ್ದು ಬಾಗಿಲ ಸಂದಿಗೆ ಹಳೇ ಕೌದಿ ತುರುಕಿದ ಮೇಲೆ. ವೆಂಟಿಲೇಟರ್ ಮಾತ್ರ ಮುಚ್ಚಿಲ್ಲ.

ಅವ್ವ ಕೋಣೆಯಲ್ಲಿಡುತ್ತಿದ್ದ ಇದ್ದಲಿ ಶೆಗಡಿ (ಕೆಂಡದ ಒಲೆ) ಬಿಡಿಸುವುದೇ ಜಾಸ್ತಿ ಕಷ್ಟವಾಯ್ತು. ಮುಚ್ಚಿದ ಕೋಣೆಯಲ್ಲಿ ಅದರ ಕಾರ್ಬನ್ ಮೋನಾಕ್ಸೈಡ್ ವಾಸನೆಯೂ ಬರದೆ ಜೀವ ತೆಗೆಯುತ್ತದೆ ಅಂದರೆ, "ನಿಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ದಳು" ಅಂದಳು ಅವ್ವ. ಈಗ ಶೆಗಡಿ ಅಂಗಳದಲ್ಲಿದೆ.