ಕಾರಿನ ಎಸಿ ಬಗ್ಗೆ ಕೇಳಿ: ಕಾರವಾರದ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಮ್ಮ ಎಸಿ ಮೆಕ್ಯಾನಿಕ್ ಗ್ರೂಪಿನಲ್ಲಿ ಇರುತ್ತಾರೆ. ಏನಿದ್ದರೂ ಕೇಳಿ. ಶುಭರಾತ್ರಿ ಫೋಟೋ ಬೇಡ.

ಅಂಕೋಲಾದವರು: ತಂಪು ಕಡಿಮೆ ಆಗಿದೆ. ಗ್ಯಾಸ್ ತುಂಬಿಸಲು ಎಷ್ಟು?

ಮೆಕ್ಯಾನಿಕ್: ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿಸಿದ ಹಾಗೆ ಖರ್ಚಾಗಲು. ಒಮ್ಮೆಲೇ ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಲೀಕ್ ಹುಡುಕಿಸಿ, ಆಮೇಲೆ ರೇಟ್ ಕೇಳಿ.

ಶಿರಸಿ ಮೇಷ್ಟ್ರು: ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವಾಗ ಮೊದಲು ತಂಪು ಚೆನ್ನಾಗಿರುತ್ತದೆ. ಘಟ್ಟ ಮುಗಿಯುವಷ್ಟರಲ್ಲಿ ಗಾಳಿಯೇ ಬರುವುದಿಲ್ಲ. ಫ್ಯಾನ್ ಮಾತ್ರ ಒಳಗೆ ಹೂಂ ಅಂತ ತಿರುಗುತ್ತಿರುತ್ತದೆ. ಚಹಾಕ್ಕೆ ನಿಲ್ಲಿಸಿ ಹೊರಟರೆ ಮತ್ತೆ ಸರಿ. ಮಳೆಗಾಲದಲ್ಲಿ ಜಾಸ್ತಿ. ಗ್ಯಾರೇಜಿನವರಿಗೆ ಏನೂ ಸಿಗಲಿಲ್ಲ.

ಮೆಕ್ಯಾನಿಕ್: ಮೇಷ್ಟ್ರೇ, ತಂಪಿಲ್ಲ ಅನ್ನದೆ ಗಾಳಿಯೇ ಇಲ್ಲ ಅಂದಿರಲ್ಲ, ಅರ್ಧ ರಿಪೇರಿ ಅಲ್ಲೇ ಆಯ್ತು. ಗಾಳಿ ಜೋರಾಗಿ ಬಂದು ಬಿಸಿ ಇದ್ದಿದ್ದರೆ ನಾನು ಮುಂದಿನ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ನೋಡುತ್ತಿದ್ದೆ. ಏರಿನಲ್ಲಿ ಇಂಜಿನ್ ಕಾದಾಗ ಗ್ಯಾಸ್ ಒತ್ತಿ ತಿರುಗಿಸುವ ಕಂಪ್ರೆಸರ್ ತಾನಾಗಿ ಕಟ್ ಆಗುವುದೂ ಉಂಟು. ನಿಮ್ಮದು ಹಾಗೆ ಕಾಣುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿರಬೇಕು. ಮಳೆಗಾಲದ ಗಾಳಿಯಲ್ಲಿ ಪಸೆ ಜಾಸ್ತಿ. ಅದು ಕಾಯಿಲ್ ಮೇಲೆ ನೀರಾಗಿ ಪೈಪಿನಿಂದ ಕೆಳಗೆ ಹೋಗಬೇಕು. ಕಾಯಿಲ್ 0 ಡಿಗ್ರಿಗಿಂತ ಕೆಳಗಿಳಿದರೆ ಅಲ್ಲೇ ಗಟ್ಟಿಯಾಗಿ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ನೀವು ಚಹಾ ಮುಗಿಸುವಷ್ಟರಲ್ಲಿ ಕರಗಿರುತ್ತದೆ. ಗ್ಯಾರೇಜಿನವರಿಗೆ ಸಿಗುವುದಾದರೂ ಏನು?

ಮುಂದಿನ ಸಲ ಗಾಳಿ ಕಡಿಮೆಯಾದ ಕೂಡಲೇ ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಫುಲ್ ಇಡಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದು, ಗಾಡಿ ಅಡಿಯಲ್ಲಿ ನೀರು ಸುರಿದರೆ ಅದೇ ಅಂತ ಗಟ್ಟಿ ಮಾಡಿಕೊಳ್ಳಿ. ಮೊದಲು ಒಳಗೆ ಬರುವ ಗಾಳಿಯ ಧೂಳು ಹಿಡಿಯುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್‌ಬಾಕ್ಸ್ ಹಿಂದೆ ಇರುತ್ತದೆ. ಅದು ಕಟ್ಟಿಕೊಂಡಿಲ್ಲ ಅಂದರೆ ಗ್ಯಾಸ್ ಪ್ರೆಶರ್, ಕೊನೆಗೆ ಕಾಯಿಲ್ ಎಷ್ಟು ತಣ್ಣಗಿದೆ ಅಂತ ನೋಡುವ ಸೆನ್ಸರ್. ಫಿಲ್ಟರ್ ನೋಡದೆ ಡ್ಯಾಶ್‌ಬೋರ್ಡ್ ಬಿಚ್ಚಲು ಯಾರಿಗೂ ಬಿಡಬೇಡಿ.

ಹೊನ್ನಾವರದವರು: ಘಟ್ಟದಲ್ಲಿ ಎಸಿ ಹಾಕಿದ್ದೇ ತಪ್ಪು. ನಮ್ಮ ಅಪ್ಪ ಯಾವತ್ತೂ ಹಾಕಿದವರಲ್ಲ.

ಗೋಕರ್ಣದವರು: ನಿಮ್ಮ ಅಪ್ಪನ ಗಾಡಿಯಲ್ಲಿ ಎಸಿ ಇತ್ತಾ?

ಕುಮಟಾ ಅಕ್ಕ: ನನ್ನ ಗಾಡಿಯಲ್ಲಿ ಫ್ಯಾನ್ 4ರಲ್ಲಿ ಮಾತ್ರ ತಿರುಗುತ್ತದೆ. 1, 2, 3 ಇಲ್ಲ. ಗ್ಯಾಸ್ ಹಾಕಿಸಬೇಕಾ?

ಮೆಕ್ಯಾನಿಕ್: ಬೇಡ ಅಕ್ಕಾ. ಫ್ಯಾನಿನ ವೇಗ ಇಳಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಗ್ಯಾಸಿಗೂ ಅದಕ್ಕೂ ಸಂಬಂಧ ಇಲ್ಲ.

ಭಟ್ಕಳದವರು: ಡ್ಯಾಶ್‌ಬೋರ್ಡ್ ಒಳಗೆ ಟಿಕ್ ಟಿಕ್ ಸದ್ದು. ಮುಖದ ಕಡೆ ತಿರುಗಿಸಿದರೂ ಗಾಳಿ ಕಾಲಿಗೇ ಬರುತ್ತದೆ.

ಮೆಕ್ಯಾನಿಕ್: ಡ್ಯಾಶ್‌ಬೋರ್ಡ್ ಒಳಗೆ ಗಾಳಿಯ ದಾರಿ ಬದಲಿಸುವ ಬಾಗಿಲು ತಿರುಗಿಸುವ ಸಣ್ಣ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ. ಜೋರಾಗಿ ತಿರುಗಿಸಿದರೆ ಸರಿಯಾಗಲ್ಲ.

ಹೊನ್ನಾವರದವರು: ಅಪ್ಪನ ವಿಷಯ ಎತ್ತಬೇಡಿ. ಏರಿನಲ್ಲಿ ಎಸಿ ಹಾಕಿದರೆ ಇಂಜಿನ್ ಹಾಳು.

ಗೋಕರ್ಣದವರು: ಪಿಕಪ್ ಸ್ವಲ್ಪ ಕಡಿಮೆ ಆಗ್ತದೆ, ಅಷ್ಟೇ. ಮಳೆಯಲ್ಲಿ ಗಾಜಿನ ಮೇಲೆ ಮಂಜು ಕೂತರೆ ನಿಮ್ಮ ಹಾಗೆ ಬಟ್ಟೆಯಲ್ಲಿ ಒರೆಸುತ್ತಾ ತಿರುವು ತೆಗೆಯಬೇಕಾ?

ಅಂಕೋಲಾದವರು: ಫಾರ್ವರ್ಡ್: ಅಡುಗೆ ಸಿಲಿಂಡರ್ ಗ್ಯಾಸನ್ನೇ ಕಾರಿನ ಎಸಿಗೆ ತುಂಬಬಹುದು, ಖರ್ಚು ಬರೀ ನೂರು ರೂಪಾಯಿ. ಎಸಿ ಹಾಕಿದ ಕೂಡಲೇ ಬೆಂಜೀನ್ ಬರುತ್ತದೆ, ಕ್ಯಾನ್ಸರ್ ಗ್ಯಾರಂಟಿ. ಎಲ್ಲರಿಗೂ ಕಳಿಸಿ.

ಮೆಕ್ಯಾನಿಕ್: ಇದನ್ನು ದಯವಿಟ್ಟು ಡಿಲೀಟ್ ಮಾಡಿ. ಅಡುಗೆ ಗ್ಯಾಸ್ ತಂಪು ಮಾಡುತ್ತದೆ, ಹೌದು. ಕೂಲಿಂಗ್ ಕಾಯಿಲ್ ಸೋರಿದರೆ ಅದೇ ಗ್ಯಾಸ್ ನೀವು ಕೂತ ಕಡೆ ತುಂಬುತ್ತದೆ. ಒಂದು ಕಿಡಿ ಸಾಕು. ನಿಮ್ಮ ಗಾಡಿಯ ಎಸಿಗೆ ಆರ್ 134ಎ ಗ್ಯಾಸ್ ಬೇಕಾ, ಹೊಸ ಆರ್ 1234ವೈಎಫ್ ಬೇಕಾ ಅಂತ ಬಾನೆಟ್ ಅಡಿಯ ಸ್ಟಿಕ್ಕರಿನಲ್ಲೇ ಇರುತ್ತದೆ. ಓದಿ. ಬಿಸಿಲಲ್ಲಿ ನಿಂತ ಗಾಡಿಯ ಕಿಟಕಿ ಮೊದಲು ಇಳಿಸುವುದು ಒಳ್ಳೆಯದು, ಒಳಗಿನ ಕಾವು ಹೋಗಲಿ ಅಂತ. ಕ್ಯಾನ್ಸರ್ ಕಥೆ ಸುಳ್ಳು.

ಸದಾಶಿವಗಡ ಟ್ಯಾಕ್ಸಿ: ರಾತ್ರಿ ಶಿರವಾಡ ಸ್ಟೇಷನ್ನಿನಲ್ಲಿ ಟ್ರೇನ್ ಕಾಯುವಾಗ ಎಸಿ ಹಾಕಿ ಮಲಗುತ್ತೇನೆ. ಏಳುವಾಗ ತಲೆ ಸಿಡಿಯುತ್ತದೆ. ಸ್ವಲ್ಪ ಹೊಗೆ ವಾಸನೆ. ಎಸಿಗೆ ಯಾವ ಪರ್ಫ್ಯೂಮ್ ಒಳ್ಳೆಯದು?

ಮೆಕ್ಯಾನಿಕ್: ಅಣ್ಣಾ, ಪರ್ಫ್ಯೂಮ್ ಬಿಡಿ. ಇವತ್ತು ರಾತ್ರಿ ಹಾಗೆ ಮಲಗಬೇಡಿ. ಹೊಗೆ ವಾಸನೆ ಬರುತ್ತಿದೆ ಅಂದರೆ ಸೈಲೆನ್ಸರ್ ಲೈನಿನಲ್ಲಿ ಎಲ್ಲೋ ಲೀಕ್ ಇರಬಹುದು. ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಅದರ ಮೊದಲ ಸೂಚನೆ. ಮುಂದೆ ಮಂಪರು, ಆಮೇಲೆ ಏಳುವುದೇ ಇಲ್ಲ. ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದರೂ ನಂಬುವ ಹಾಗಿಲ್ಲ. ಗಾಡಿ ನಿಂತಾಗ ಹೊಗೆ ಅಲ್ಲೇ ಸುತ್ತಿಕೊಂಡು, ಬಾಗಿಲಿನ ರಬ್ಬರ್ ಹರಿದಿದ್ದರೂ ಒಳಗೆ ಬರುತ್ತದೆ. ಇಂಜಿನ್ ಆಫ್ ಮಾಡಿ, ಪ್ಲಾಟ್‌ಫಾರ್ಮ್ ಮೇಲೆ ಮಲಗಿ. ಸೊಳ್ಳೆ ಕಚ್ಚಿದರೆ ಕಚ್ಚಲಿ. ಈಗಲೂ ತಲೆನೋವು ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಹೊನ್ನಾವರದವರು: ನೋಡಿದ್ರಾ? ಎಸಿಯೇ ಅಪಾಯ ಅಂದಿದ್ದೆ.

ಗೋಕರ್ಣದವರು: ಓದಲು ಬರ್ತದಾ ನಿಮಗೆ? ಹೊಗೆ ಅಂದ್ರು, ಎಸಿ ಅನ್ನಲಿಲ್ಲ.

ಅಡ್ಮಿನ್: ಇಬ್ಬರೂ ಸಾಕು.

ಯಲ್ಲಾಪುರದವರು: ಇಲಿ ವೈರ್ ಕಡಿದಿದೆ, ಇನ್ಶೂರೆನ್ಸ್ ಸಿಗುತ್ತಾ?

ಮುರ್ಡೇಶ್ವರದವರು: ತಂಪು ಕಡಿಮೆ, ಗ್ಯಾಸ್ ರೇಟ್?

ಮೆಕ್ಯಾನಿಕ್: ಮೇಲೆ ಓದಿ. ಟ್ಯಾಕ್ಸಿ ಅಣ್ಣಾ, ಎಲ್ಲಿದ್ದೀರಿ? ಉತ್ತರ ಕೊಡಿ.

ಸದಾಶಿವಗಡ ಟ್ಯಾಕ್ಸಿ: ಇದ್ದೇನೆ. ಟಾರ್ಚ್ ಹಾಕಿ ಅಡಿಗೆ ನೋಡಿದೆ. ಪೈಪ್ ಜಾಯಿಂಟ್ ಸುತ್ತ ಮಸಿ ಹಿಡಿದಿದೆ. ಫೋಟೋ ಹಾಕಲಾ?

ಮೆಕ್ಯಾನಿಕ್: ಫೋಟೋ ಬೇಡ. ಬೆಳಿಗ್ಗೆ ಗಾಡಿ ತನ್ನಿ. ನಾಲ್ಕೂ ಕಿಟಕಿ ಇಳಿಸಿಕೊಂಡು ಬನ್ನಿ.