ಒಂದ ಮನಿ, ಎರಡ ಕೂಸು: 21,400 ಮತ್ತ 7,800

ಜಮಖಂಡಿಯಂವ:
ನಮಸ್ಕಾರ್ರಿ. ಒಂದ ವಾರದಾಗ ನಮ್ಮನ್ಯಾಗ ಎರಡ ಕೂಸು. ಹೆಂಡತಿ ದಿನಾ ತುಂಬಿ ಹಡದ್ಲು. ಹೆರಿಗಿಗೆ ತವರಿಗೆ ಬಂದ ತಂಗಿ 32 ವಾರಕ್ಕ ಹಡದಾಳ, ಆ ಕೂಸು ಬಾಗಲಕೋಟ್ಯಾಗ ಕಾಜಿನ ಪೆಟ್ಟಿಗ್ಯಾಗೈತಿ. ಮೊದಲನೇ ದಿನದ ರಿಪೋರ್ಟ್‌ನ್ಯಾಗ ನಮ್ಮ ಕೂಸಿನ ಬಿಳಿ ರಕ್ತಕಣ 21,400, ಬಾಜೂಕ 'ಹೈ' ಅಂತ ಗುರುತು. ತಂಗಿ ಕೂಸಿಂದು ಮಷೀನ್ ಕೊಟ್ಟ 11,700 ಹೊಡದು ಪೆನ್ನಿಲೆ 7,800 ಬರದಾರ, ನಾರ್ಮಲ್. ಗುರುತಿದ್ದ ಕೂಸನ್ನ ಮನಿಗೆ ಕಳಸಿದ್ರು, ನಾರ್ಮಲ್ ಇದ್ದದ್ದಕ್ಕ ಆಂಟಿಬಯೋಟಿಕ್ ಹಚ್ಯಾರ! ಇದ್ಯಾವ ಲೆಕ್ಕರಿ? ಪೆನ್ನಿನ ತಿದ್ದುಪಡಿ ನೋಡಿದ ಮ್ಯಾಲಂತೂ ನನಗ ನಿದ್ದಿಲ್ಲ.

ಲ್ಯಾಬಿನಂವ, ವಿಜಯಪುರ:
ಅಣ್ಣಾರ, ಆ ಗುರುತು ಬಿಟ್ಟಬಿಡ್ರಿ. ಕಾಗದದಾಗ ಅಚ್ಚಾಗಿದ್ದು 4,000–11,000 ಇರಬೇಕ ನೋಡ್ರಿ, ಅದು ನಿಮ್ಮಂಥ ನಮ್ಮಂಥ ದೊಡ್ಡವರ ಅಳತಿ. ದಿನಾ ತುಂಬಿದ ಕೂಸಿಗೆ ಮೊದಲನೇ ದಿನ 9,000ದಿಂದ 30,000 ತನಕ ಇರೋದ ಸಹಜ. ಹುಟ್ಟಿದ ಮ್ಯಾಲ ಅರ್ಧ ದಿನ ಏರತಾದ, ಆಮ್ಯಾಲ ವಾರದಾಗ ತಾನ ಇಳೀತಾದ. ಅದಕ್ಕ ರಕ್ತ ತಗದ ತಾಸು ಬರೀದ ರಿಪೋರ್ಟ್ ಅರ್ಧಾ ರಿಪೋರ್ಟ್.

ಪೆನ್ನಿನ ಮಾತು. ದಿನಾ ತುಂಬದ ಕೂಸಿನ ರಕ್ತದಾಗ ಬೀಜಕೇಂದ್ರ ಇರೋ ಎಳೀ ಕೆಂಪು ಕಣ ಭಾಳ. ಮಷೀನ್ ಅವನ್ನೂ ಬಿಳಿ ಅಂತ ಎಣಿಸಿಬಿಡಬಹುದು. ಸ್ಲೈಡ್ ಮಾಡಿ ನೋಡಿದಾಗ 100 ಬಿಳಿ ಕಣಕ್ಕ ಇಂಥಾವು 50 ಸಿಕ್ಕಿರಬೇಕು: 11,700ನ್ನ 100ರಿಂದ ಗುಣಿಸಿ 150ರಿಂದ ಭಾಗಿಸ್ರಿ. ಬಂತಿಲ್ಲೋ 7,800? ಸೂಕ್ಷ್ಮದರ್ಶಕದಾಗ ಕಣ್ಣ ಹಾಕಿ ಕುಂತ ಯಾರೋ ಪುಣ್ಯಾತ್ಮ ಬರದಾನ. ನಾನಾದ್ರ ಆ ಕಾಗದಕ್ಕ ಕೈ ಮುಗೀತಿದ್ದೆ.

ಎನ್‌ಐಸಿಯು (ಹುಟ್ಟಿದ ಕೂಸುಗಳ ಐಸಿಯು) ಸಿಸ್ಟರ್, ಬೆಳಗಾವಿ:
ದಿನಾ ತುಂಬದ ಕೂಸಿನ ಎಲುಬಿನ ಮಜ್ಜಿಯೊಳಗ ನ್ಯೂಟ್ರೋಫಿಲ್ (ನಂಜಿನ ಕೂಡ ಹೊಡದಾಡೋ ಬಿಳಿ ಕಣ) ಕೂಡಿಟ್ಟಿದ್ದ ಕಡಿಮಿ, ಅದಕ್ಕ ಕೌಂಟೂ ಕೆಳಗ. ತಾಯಿಗೆ ಬಿಪಿ ಇದ್ರ ಇನ್ನೂ ಇಳೀತೈತಿ. ನಂಜಿನ ವಿಷಯದಾಗ ನಾವು ಹೆಚ್ಚಿಗಿಂತ ಕಡಿಮಿಗೇ ಅಂಜತೀವಿ, 5,000ದ ಕೆಳಗ ಬಂದ್ರ ಡಾಕ್ಟರ್‌ಗೆ ಫೋನ್. ಆದ್ರ 7,800 ನೋಡಿ ಯಾರೂ ಆಂಟಿಬಯೋಟಿಕ್ ಹಚ್ಚೂದಿಲ್ಲ. ನಿಮ್ಮ ತಂಗಿಗೆ ನೀರು ಮೊದಲ ಹೋಗಿತ್ತೇನು? ಹಂಗಿದ್ರ ಕೂಸಿಗೆ ನಂಜ ಏರಿರಬಹುದಂತ, ರಕ್ತದ ಕಲ್ಚರ್ (ರಕ್ತದಾಗ ರೋಗಾಣು ಬೆಳೀತಾವೇನು ಅಂತ ನೋಡೋ ಟೆಸ್ಟ್) ಬರೋತನಕ ಹಚ್ಚತಾರ. ಎಳೀ ನ್ಯೂಟ್ರೋಫಿಲ್ ಒಟ್ಟು ನ್ಯೂಟ್ರೋಫಿಲ್‌ನ್ಯಾಗ ಐದರಾಗ ಒಂದಕ್ಕಿಂತ ಹೆಚ್ಚ ಅದಾವೇನು, ಸಿಆರ್‌ಪಿ (ನಂಜಿನ ಸುಳಿವು ಕೊಡೋ ರಕ್ತದ ಟೆಸ್ಟ್) ಮತ್ತೊಮ್ಮಿ ಮಾಡ್ಯಾರೇನು, ಇವೆರಡು ಕೇಳ್ರಿ.

ಜಮಖಂಡಿಯಂವ:
ಹೌದ್ರಿ ಅಕ್ಕಾರ, ಹೆರಿಗಿಗಿಂತ ಒಂದೂವರಿ ದಿನ ಮೊದಲ ನೀರು ಹೋಗಿತ್ತು. ನಾವು ಬೆಳಗಾಗ್ಲಿ ಅಂತ ಕುಂತಿದ್ವಿ. ಲ್ಯಾಬಿನ ಅಣ್ಣಾರ, ಲೆಕ್ಕಾ ಮಾಡಿ ನೋಡಿದೆ, ಬರೋಬ್ಬರಿ 7,800. ಕಲ್ಚರ್ ನಾಳೆ ಸಂಜೀಕ ಬರತೈತಂತ.